ಎದುರು ಪಕ್ಷದ ಸಹಿ

ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಇಬ್ಬರು ಬೋಧಕರು ನನ್ನ ಅನುಭವವನ್ನು ಬರೆದುಕೊಡಬೇಕೆಂದು ಕೇಳಿದ್ದಾರೆ. ಬರೆಯಲು ಕುಳಿತು ಹನ್ನೊಂದು ದಿನವಾಯಿತು. ಮೊದಲ ದಿನ ಬರೆದದ್ದನ್ನು ಓದಿದರೆ ನಾನು ಧೈರ್ಯವಂತ. ನಾಲ್ಕನೆಯ ದಿನದ್ದರಲ್ಲಿ ವಿವೇಕಿ. ಎಂಟನೆಯ ದಿನದ್ದರಲ್ಲಿ ಪಶ್ಚಾತ್ತಾಪದಲ್ಲಿ ಬೆಂದು ಶುದ್ಧನಾದವನು. ಮೂರನ್ನೂ ಹರಿದು ಹಾಕಿದ್ದೇನೆ. ಮೂರರಲ್ಲೂ ವಾಕ್ಯಗಳು ಬಹಳ ಸಲೀಸಾಗಿ ಬಂದಿದ್ದವು. ಅದೇ ನನಗೆ ಅನುಮಾನ ಹುಟ್ಟಿಸಿತು.

ಈಗ ಹೀಗೆ ಮಾಡುತ್ತೇನೆ. ಖಚಿತವಾಗಿ ಗೊತ್ತಿರುವುದನ್ನು ಹಾಗೆಯೇ ಬರೆಯುತ್ತೇನೆ, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನುತ್ತೇನೆ. ಮುತ್ತಿನಕೊಪ್ಪದ ಲೀಲಮ್ಮ ಎಂಬ ವಿದ್ಯಾರ್ಥಿನಿಯ ಉತ್ತರಪತ್ರಿಕೆಯಲ್ಲಿದ್ದ ಒಂದು ಸಹಿಯ ಬಗ್ಗೆ ನಾನು ಆಡಿದ ಮಾತೊಂದು ಸುಳ್ಳು. ಇದು ಖಚಿತ. ಆ ಮಾತಿನಿಂದ ಅವರ ಕೆಲಸ ಉಳಿಯಿತು. ಅದೂ ಖಚಿತ. ನೀವು ಈ ಕೆಲಸಕ್ಕೆ ಹೊಸಬರು. ಆ ಸುಳ್ಳಿನವರೆಗೆ ನಾನು ಯಾವ ದಾರಿಯಲ್ಲಿ ಹೋದೆ ಎಂಬುದನ್ನು ತಿಳಿದುಕೊಳ್ಳುವುದು ನಿಮಗೆ ಒಳ್ಳೆಯದು.

ಕೆಲಸದ ಹೆಸರು ಸಂಪರ್ಕ ತರಗತಿಯ ಬೋಧಕ. ಪಾದ್ರಿಗಳನ್ನು ತಯಾರು ಮಾಡುವ ದೂರದ ಗುರುಮಠವೊಂದು, ಪಾದ್ರಿಗಳಾಗದ ಸಾಮಾನ್ಯ ಕ್ರೈಸ್ತರಿಗೂ ಇರಲಿ ಎಂದು ಅಂಚೆಯ ಮೂಲಕ ಎರಡು ವರ್ಷದ ಪಾಠ ನಡೆಸುತ್ತಿತ್ತು. ವಿಷಯ, ಕ್ರೈಸ್ತ ದೃಷ್ಟಿಯಿಂದ ಧರ್ಮದ ತತ್ತ್ವಶಾಸ್ತ್ರ. ದೇವರನ್ನು ನಂಬುವವನು ತನ್ನ ನಂಬಿಕೆಯನ್ನು ಮೇಜಿನ ಮೇಲಿಟ್ಟು, ಇದು ಯಾವುದರ ಮೇಲೆ ನಿಂತಿದೆ, ಎಂಥ ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ ಎಂದು ತಾನೇ ತಿರುಗಿಸಿ ನೋಡುವ ವಿದ್ಯೆ ಎಂದು ನಾನು ಮೊದಲ ತರಗತಿಯಲ್ಲಿ ಹೇಳುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ತಿಂಗಳ ಮೊದಲ ಶನಿವಾರ ಕೊಪ್ಪ, ಎರಡನೆಯದು ನರಸಿಂಹರಾಜಪುರ, ಮೂರನೆಯದು ಶೃಂಗೇರಿ. ಒಂದೊಂದು ಕಡೆ ಐದಾರು ಜನ. ಹೆಚ್ಚಿನವರು ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವವರು. ಒಬ್ಬರು ನರ್ಸ್ ಆಗಿದ್ದ ಸಿಸ್ಟರ್, ಎಂದರೆ ಕ್ರೈಸ್ತ ಸನ್ಯಾಸಿನಿ. ಕೊಪ್ಪದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ವಿನ್ಸಿ. ನರಸಿಂಹರಾಜಪುರದ ಹಾಲ್‌ನಲ್ಲಿದ್ದದ್ದು ಸಣ್ಣ ಮಕ್ಕಳ ಬೆಂಚುಗಳು. ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕುಳಿತು ದೇವರ ಅಸ್ತಿತ್ವದ ವಾದಗಳನ್ನು ಬರೆದುಕೊಳ್ಳುತ್ತಿದ್ದರು.

ಪ್ರತಿ ಶನಿವಾರ ಬೆಳಿಗ್ಗೆ ನಾನು ತಿಂಡಿ ತಿನ್ನದೆ ಬಸ್ಸು ಹತ್ತುತ್ತಿದ್ದೆ. ರಸ್ತೆಯ ತಿರುವುಗಳಿಂದ ಎಂದು ಹೆಂಡತಿ ನಿಂಬೆಹಣ್ಣು ಕೊಟ್ಟು ಕಳಿಸುತ್ತಿದ್ದಳು. ತಿರುವಿನಿಂದಲ್ಲ. ಗಣಿತದ ಮೇಷ್ಟ್ರು ತಪ್ಪು ಹೇಳಿಕೊಟ್ಟರೆ ಹುಡುಗರಿಗೆ ಅಂಕ ಹೋಗುತ್ತದೆ. ನಾನು ಶನಿವಾರ ಸಡಿಲ ಮಾಡಿದ ಮೊಳೆಯನ್ನು ಈ ಜನ ಭಾನುವಾರ ಬೆಳಿಗ್ಗೆಯೊಳಗೆ ಬಿಗಿ ಮಾಡಿಕೊಂಡು ಮಕ್ಕಳ ಮುಂದೆ ನಿಲ್ಲಬೇಕಿತ್ತು. ಇದನ್ನು ವಿನ್ಸಿ ನನಗಿಂತ ಚೆನ್ನಾಗಿ ಹೇಳಿದ್ದ. “ಸರ್, ಪಂಪು ಬಿಚ್ಚೋದು ಯಾರಿಗೂ ಬರ್ತದೆ. ವಾಪಸ್ ಜೋಡಿಸಿದ ಮೇಲೆ ಒಂದು ವಾಷರ್ ಕೈಯಲ್ಲಿ ಉಳೀತದಲ್ಲ, ಅದು ಮಾರಾಯ್ರೆ ಕಷ್ಟ.”

ಮೊದಲ ವರ್ಷದ ನನ್ನ ದೊಡ್ಡ ತಪ್ಪು ಬಯಲಾದದ್ದು ಶೃಂಗೇರಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಅನ್ಯಧರ್ಮಗಳ ಪಾಠದ ಹಾಳೆಗಳನ್ನು ಪ್ರತಿ ಮಾಡಿಸುತ್ತಿದ್ದೆ. ಅದರಲ್ಲಿ ಕರ್ಮಸಿದ್ಧಾಂತವನ್ನು ಅರ್ಧ ಪುಟದಲ್ಲಿ ಹೇಳಿ ಉಳಿದ ಅರ್ಧದಲ್ಲಿ ಖಂಡಿಸಲಾಗಿತ್ತು. ಪಕ್ಕದಲ್ಲಿ ಪಹಣಿಯ ಪ್ರತಿಗಾಗಿ ಕಾಯುತ್ತಿದ್ದ ವಯಸ್ಸಾದವರೊಬ್ಬರು, ಯಂತ್ರದಿಂದ ಬಿಸಿಯಾಗಿ ಹೊರಬಂದ ಹಾಳೆಯೊಂದನ್ನು ಎತ್ತಿಕೊಂಡು ಓದತೊಡಗಿದರು. ಕಿಗ್ಗದ ಭಟ್ಟರು, ಸಂಸ್ಕೃತ ಪಾಠಶಾಲೆಯಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು.

“ಇದು ಯಾರ ಮತ ಮಾರಾಯ್ರೆ?”

“ಕರ್ಮದ ಬಗ್ಗೆ ಹಿಂದೂಗಳ ಮತ,” ಎಂದೆ.

“ಯಾವ ಹಿಂದೂಗಳದ್ದು? ನಂದಂತೂ ಅಲ್ಲ. ನಮ್ಮನೆ ಹೆಂಗಸರದ್ದೂ ಅಲ್ಲ. ಇಷ್ಟು ದಡ್ಡ ಮತವನ್ನ ಸೋಲಿಸೋದಕ್ಕೆ ನಿಮಗೆ ಅರ್ಧ ಪುಟ ಯಾಕೆ ಬೇಕಾಯ್ತು? ಒಂದು ಸಾಲು ಸಾಕಿತ್ತಲ್ಲ!”

ಅಂಗಡಿಯವನು ನಕ್ಕ. ಪಠ್ಯದಲ್ಲಿ ಹಾಗೇ ಇದೆ ಎಂದು ನಾನು ಗೊಣಗಿದೆ.

“ಎಂತದು ಪಠ್ಯ! ನಮ್ಮಲ್ಲಿ ವಾದಕ್ಕೆ ಕೂತ್ರೆ ಎದುರಿನವನ ಮಾತನ್ನ ಮೊದಲು ನಾವೇ ಹೇಳ್ಬೇಕು. ಪೂರ್ವಪಕ್ಷ ಅಂತ. ಅವನು ಕೂತಲ್ಲೇ ತಲೆ ಆಡಿಸ್ಬೇಕು, ಹೌದು, ನಾ ಹೇಳೋದು ಇದೇ, ನನಗಿಂತ ಚಲೋ ಹೇಳ್ದೆ ನೀನು ಅಂತ. ಅಲ್ಲಿವರೆಗೆ ನಮ್ಮ ಸಿದ್ಧಾಂತಕ್ಕೆ ಬಾಯಿ ತೆರೆಯೋ ಹಾಗಿಲ್ಲ. ನೀವು ಯಾರೂ ಇಲ್ಲದ ಅಂಗಳದಲ್ಲಿ ದೊಣ್ಣೆ ಬೀಸ್ತಾ ಇದೀರಿ.”

ಮುಂದಿನ ತಿಂಗಳಿಂದ ನಾನು ಮೂರೂ ಕಡೆ ಹೊಸ ಪದ್ಧತಿ ತಂದೆ. ಪ್ರತಿ ಉತ್ತರದಲ್ಲಿ ಎರಡು ಭಾಗ. ಮೊದಲ ಹಾಳೆಯಲ್ಲಿ ಎದುರು ಪಕ್ಷ, ಎರಡನೆಯದರಲ್ಲಿ ನಮ್ಮ ಉತ್ತರ. ಮೊದಲ ಹಾಳೆಯನ್ನು, ನಿಜವಾಗಿ ಹಾಗೆ ನಂಬುವ ಒಬ್ಬ ಜೀವಂತ ಮನುಷ್ಯನಿಗೆ ಓದಿ ಹೇಳಬೇಕು. ಆತ ಒಪ್ಪಿ, ಕೆಳಗೆ ‘ಇದು ನನ್ನ ಮಾತೇ’ ಎಂದು ಬರೆದು ಸಹಿ ಹಾಕಬೇಕು. ಸಹಿಯಿಲ್ಲದ ಉತ್ತರವನ್ನು ನಾನು ಓದುವುದಿಲ್ಲ.

ಸಹಿಯ ಉಪಾಯ ಭಟ್ಟರದೋ ನನ್ನದೋ ನೆನಪಿಲ್ಲ. ಚೆನ್ನಾಗಿ ನಡೆಯುತ್ತಿದ್ದಾಗ ನನ್ನದು ಎಂದಿದ್ದೇನೆ. ಕೆಟ್ಟ ಮೇಲೆ ಭಟ್ಟರದು ಎಂದಿದ್ದೇನೆ.

ಚೆನ್ನಾಗಿಯೇ ನಡೆಯಿತು. ಕರ್ಮದ ಪಾಠಕ್ಕೆ ವಿನ್ಸಿ ತನ್ನ ಗಿರಾಕಿಯಾದ ಕಾಫಿ ತೋಟದ ಗೌಡರ ಬಳಿ ಹೋದ. ಅವನೇ ತರಗತಿಯಲ್ಲಿ ಅಭಿನಯಿಸಿ ತೋರಿಸಿದ್ದು:

“ಎಂತದಾ ಇದು ವಿನ್ಸಿ, ಬಿಲ್ಲಾ?”

“ಅಲ್ಲ ಗೌಡ್ರೆ, ನಿಮ್ಮ ನಂಬಿಕೆ.”

“ನನ್ನ ನಂಬಿಕೆ ನಿನ್ನ ಕೈಲಿ ಎಂತಕ್ಕೆ ಉಂಟು?”

ಗೌಡರು ಮೂರು ಸಲ ತಿದ್ದಿಸಿದರಂತೆ. “ಕರ್ಮ ಅಂದ್ರೆ ಹಣೆಬರಹ ಅಂತ ಕೈ ಕಟ್ಟಿ ಕೂರೋದಲ್ಲ ಮಾರಾಯ. ಮೋಟರ್ ಸುಟ್ಟೋದಾಗ ಸ್ವಿಚ್ ಹಾಕಿದ್ದು ಯಾರು ಅಂತ ಕೇಳೋದು. ಹಾಗೆ ಬರಿ.” ನಾಲ್ಕನೆಯ ಸಲ ಒಪ್ಪಿ ಸಹಿ ಹಾಕಿ, ಅದರ ಕೆಳಗೆ ‘ಮೋಟರ್ ಇನ್ನೂ ನೀರು ಎತ್ತುತ್ತಿಲ್ಲ’ ಎಂದು ಸೇರಿಸಿದರು. ಆ ಹಾಳೆ ಗುರುಮಠದ ಕಚೇರಿಗೆ ಹೋದಾಗ, ಈ ಕೊನೆಯ ವಾಕ್ಯದ ತಾತ್ತ್ವಿಕ ಅರ್ಥವೇನೆಂದು ನನಗೊಂದು ಕಾಗದ ಬಂತು.

ಸಿಸ್ಟರ್ ಮಾತ್ರ ಸೋತರು. ದೇವರನ್ನು ನಂಬದ ಡಾಕ್ಟರೊಬ್ಬರಿಗೆ ಅವರ ಪಕ್ಷವನ್ನು ಐದು ಸಲ ಬರೆದು ತೋರಿಸಿದರು. ಡಾಕ್ಟರು ಸಹಿ ಹಾಕಲಿಲ್ಲ. “ನಂಬಿಕೆ ಇಲ್ಲ ಅನ್ನೋದು ನಿಜ ಸಿಸ್ಟರ್. ಆದರೆ ಇಷ್ಟೆಲ್ಲ ಯೋಚನೆ ಮಾಡಿ ಬಿಟ್ಟವನಲ್ಲ ನಾನು,” ಎಂದರಂತೆ. ಸಹಿಯಿಲ್ಲದಿದ್ದರೂ ಸಿಸ್ಟರಿಗೆ ನಾನು ಪೂರ್ಣ ಅಂಕ ಕೊಟ್ಟೆ. ಇಂಥ ಮಧ್ಯಾಹ್ನಗಳಲ್ಲಿ ನಾನು ನಿಶ್ಚಿಂತನಾಗಿದ್ದೆ ಎಂದು ಬರೆಯುವ ಆಸೆಯಾಗುತ್ತದೆ. ಆಗಿರಲಿಲ್ಲ. ಕ್ರೈಸ್ತರು ಮನೆಮನೆಗೆ ಹೋಗಿ ಧರ್ಮದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಹೊರಗಿನವರಿಗೆ ಹೇಗೆ ಕಾಣುತ್ತದೆಂದು ನನಗೆ ತಿಳಿಯದೆ ಇರಲಿಲ್ಲ. ತಿಳಿದೂ ಕಳಿಸುತ್ತಿದ್ದೆ.

ಅದು ಹೊರಗಿನವರ ಕಣ್ಣಿಗೆ ಬಿದ್ದದ್ದು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ. ಆಗಿನ ದಿನಗಳು ಚೆನ್ನಾಗಿರಲಿಲ್ಲ. ಊರೂರಲ್ಲಿ ಮತಾಂತರದ ಮಾತು ಕಾವೇರಿತ್ತು. ನಾಲ್ಕೈದು ಜನ ವಿನ್ಸಿಯನ್ನು ಸುತ್ತುಗಟ್ಟಿ, ಗೌಡರು ಇನ್ನೊಂದು ಪಾಠಕ್ಕೆ ಸಹಿ ಹಾಕಿಕೊಟ್ಟಿದ್ದ ಹಾಳೆಯನ್ನು ಕೈಯಿಂದ ಕಿತ್ತುಕೊಂಡು, “ಯಾರ್ ಯಾರ ಸಹಿ ತಗೊಂಡಿದೀಯ? ಯಾರನ್ನ ಸೇರಿಸ್ಕೊಳ್ಳೋ ಪಟ್ಟಿ ಇದು?” ಎಂದು ಕೇಳಿದರು. ಪಕ್ಕದ ಹೋಟೆಲಿನಲ್ಲಿದ್ದ ಗೌಡರು ಗಲಾಟೆ ಕೇಳಿ ಹೊರಗೆ ಬಂದರು. “ಕೊಡಿ ಇಲ್ಲಿ. ಅದು ನನ್ನ ಸಹಿ. ನಾನು ಯಾವ ಇಗರ್ಜಿಗೆ ಹೋಗಿದ್ದು ನೋಡಿದೀರಿ? ನನ್ನ ನಂಬಿಕೆ ಅವನು ಬರ್ಕೊಂಡಿದಾನೆ, ನಿಮಗೆ ಬರೆಯೋಕೆ ಬರ್ತದಾ?” ಎಂದರು. ಜನ ಚದುರಿದರು.

ನಾನು ಅಲ್ಲಿರಲಿಲ್ಲ. ವಿನ್ಸಿ ನಗುತ್ತ ಹೇಳಿದ, “ಎಂಥ ಸಾವು ಮಾರಾಯ್ರೆ, ಎದುರು ಪಕ್ಷದವರೇ ಬಂದು ಬಿಡಿಸ್ಬೇಕಾಯ್ತು.” ಹೇಳುವಾಗ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ನಾನು ಲೋಟವನ್ನೇ ನೋಡುತ್ತಿದ್ದೆ.

ಮುಂದಿನ ತರಗತಿಗಳಲ್ಲಿ ಮೂರೂ ಕಡೆ ಹೇಳಿದೆ: “ಸಹಿಗಾಗಿ ಯಾರೂ ಹೊರಗೆ ಹೋಗಬೇಡಿ. ಆ ಮಾತು ಹೇಳುವವರು ನಿಮ್ಮ ಹತ್ತಿರದವರಲ್ಲೇ ಯಾರಾದರೂ ಇದ್ದರೆ ಅವರ ಸಹಿ ಸಾಕು.”

ನರಸಿಂಹರಾಜಪುರದಲ್ಲಿ ಲೀಲಮ್ಮ ಕೇಳಿದರು, “ತೀರಾ ಹತ್ತಿರದವರಾದ್ರೂ ಆಗ್ತದಾ ಸರ್?”

“ಹತ್ತಿರವಾದಷ್ಟೂ ಒಳ್ಳೆಯದು,” ಎಂದೆ. ಈ ಮಾತು ಆಡಿದ್ದು ನಿಜ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ, ನಾನು ನೋಡಿದ್ದೇನೆ.

ಲೀಲಮ್ಮನಿಗೆ ಆಗ ನಲವತ್ತರ ಆಸುಪಾಸು. ಅವರ ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ಮುತ್ತಿನಕೊಪ್ಪದಲ್ಲಿ ನೆಲೆಸಿದ ಕುಟುಂಬ. ಮನೆಯಲ್ಲಿ ಮಲಯಾಳ, ಹೊರಗೆ ಈ ಕಡೆಯ ಕನ್ನಡ. ಹನ್ನೆರಡು ವರ್ಷದಿಂದ ಭಾನುವಾರದ ಜ್ಞಾನೋಪದೇಶ ಅವರದೇ. ಮಕ್ಕಳು ಮೊದಲ ಸಲ ಚರ್ಚಿನಲ್ಲಿ ಪರಮಪ್ರಸಾದದ ರೊಟ್ಟಿ ಸ್ವೀಕರಿಸುವುದಕ್ಕೆ ಮುಂಚೆ ಅವರನ್ನು ತಯಾರು ಮಾಡುವುದು ಆ ಕೆಲಸದ ಮುಖ್ಯ ಭಾಗ. ಆ ವರ್ಷ ಹದಿನೆಂಟು ಮಕ್ಕಳಿದ್ದರು.

ಅದಕ್ಕೆ ಎರಡು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಜಿನ್ಸಿ ಮಂಗನ ಕಾಯಿಲೆಯಲ್ಲಿ ತೀರಿಕೊಂಡಿದ್ದಳು. ಒಂಬತ್ತನೇ ಕ್ಲಾಸಿನ ಹುಡುಗಿ. ಕೊಟ್ಟಿಗೆಗೆ ಹಾಸಲು ಕಾಡಿನ ಅಂಚಿನಿಂದ ಒಣ ಎಲೆ, ಎಂದರೆ ದರಗು, ಗುಡಿಸಿ ತರಲು ಹೋದಾಗ ಉಣ್ಣಿ ಜಾತಿಯ ಉಣುಗು ಕಚ್ಚಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಎರಡನೆಯ ಸಲ ಬರೆದದ್ದರಲ್ಲಿ ಬರೆದಿದ್ದೆ.

ಆ ತಿಂಗಳ ಪ್ರಶ್ನೆ: ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಲೋಕದಲ್ಲಿ ಕೇಡು ಏಕಿದೆ? ಮನುಷ್ಯನಿಗೆ ದೇವರು ಸ್ವಾತಂತ್ರ್ಯ ಕೊಟ್ಟ, ಮನುಷ್ಯ ಅದನ್ನು ಕೆಡಿಸಿಕೊಂಡ ಎಂಬುದು ಪಾಠದ ಉತ್ತರ. ಲೀಲಮ್ಮ ಬರೆದ ಎದುರು ಪಕ್ಷದ ಹಾಳೆ ಈಗಲೂ ನನ್ನ ಬಳಿ ಇದೆ. ಅದನ್ನು ನೋಡಿಕೊಂಡೇ ಇಳಿಸುತ್ತಿದ್ದೇನೆ:

‘ಮನುಷ್ಯನ ಸ್ವಾತಂತ್ರ್ಯದಿಂದ ಕೇಡು ಬಂತು ಎಂದು ಪಾಠದಲ್ಲಿದೆ. ನಮ್ಮ ಹುಡುಗಿಗೆ ಜ್ವರ ಬರುವ ಮೊದಲು ಕಾಡಿನಲ್ಲಿ ಮಂಗಗಳು ಸತ್ತವು. ಮೊದಲ ಮನುಷ್ಯನಿಗೆ ದೇವರು ಹೇಳಿದಂತೆ, ಯಾವ ಹಣ್ಣು ತಿನ್ನಬಾರದೆಂದು ಮಂಗಗಳಿಗೆ ಯಾರು ಹೇಳಿದ್ದರು? ಉಣುಗು ಮಂಗನನ್ನೂ ಕಚ್ಚಿತು, ಹುಡುಗಿಯನ್ನೂ ಕಚ್ಚಿತು. ಉಣುಗಿಗೆ ಬೇರೆ ಊಟ ಗೊತ್ತಿಲ್ಲ. ಹಾಗಾದರೆ ಇದರಲ್ಲಿ ಸ್ವಾತಂತ್ರ್ಯ ಇದ್ದದ್ದು ಯಾರಿಗೆ? ದರಗು ತಾ ಎಂದು ಕಳಿಸಿದ ತಾಯಿಗೆ. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ, ಅವನು ಹೇಳಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರು ಪ್ರಾರ್ಥನೆ ಮಾಡುವವರಲ್ಲ. ಅವರ ಹುಡುಗ ಎದ್ದು ಮನೆಗೆ ಹೋದ. ಅವನು ಬದುಕಿದ್ದು ನನಗೆ ಸಂತೋಷ. ಆದರೆ ಪ್ರಾರ್ಥನೆ ಮಾಡಿದರೆ ಏನಾಗುತ್ತದೆ ಎಂದು ಮಕ್ಕಳಿಗೆ ಹೇಳುವುದನ್ನು ನಿಲ್ಲಿಸಿದ್ದೇನೆ. ಮಾಡಿಸುತ್ತೇನೆ. ಹೇಳುವುದಿಲ್ಲ.’

ಕೆಳಗೆ ‘ಇದು ನನ್ನ ಮಾತೇ’. ಅದರ ಕೆಳಗೆ ಸಹಿ. ಸಹಿ ಲೀಲಮ್ಮನದೇ.

ಎರಡನೆಯ ಹಾಳೆಯಲ್ಲಿ, ನಮ್ಮ ಉತ್ತರ ಇರಬೇಕಾದಲ್ಲಿ, ಪಾಠದಿಂದ ಎತ್ತಿ ಬರೆದ ಎರಡು ವಾಕ್ಯಗಳಿದ್ದವು, ಅಷ್ಟೆ.

ಆ ವರ್ಷವೇ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಅಂಕಗಳನ್ನು ಇಂಥ ದಿನಾಂಕದೊಳಗೆ ಪಟ್ಟಿ ಮಾಡಿ, ಮೂಲ ಉತ್ತರಗಳ ಸಮೇತ ಕಳಿಸಬೇಕೆಂದು ಈ ಪಾಠದ ಜೊತೆಗೆ ನಮ್ಮ ಕಡೆಯ ಚರ್ಚುಗಳ ಜ್ಞಾನೋಪದೇಶವನ್ನೂ ನೋಡಿಕೊಳ್ಳುತ್ತಿದ್ದ ನಿರ್ದೇಶಕ ಫಾದರ್ ಸುತ್ತೋಲೆ ಹೊರಡಿಸಿದ್ದರು. ನಾನು ಗಡಿಬಿಡಿಯಲ್ಲಿ ಓದಿದೆ. ಲೀಲಮ್ಮನ ಮೊದಲ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ‘ಎದುರು ಪಕ್ಷ ಬಹಳ ಸಮರ್ಥವಾಗಿದೆ’ ಎಂದು ಬರೆದು, ಸರಿ ಗುರುತು ಹಾಕಿ, ಕಟ್ಟಿನೊಳಗೆ ಸೇರಿಸಿದೆ. ಯಾರ ಸಹಿ ಎಂದು ನೋಡಲಿಲ್ಲ. ನೋಡಲಿಲ್ಲ ಎನ್ನುತ್ತಿದ್ದೇನೆ. ನೋಡಿಯೂ, ಈಗ ಇದನ್ನೆತ್ತಿಕೊಂಡರೆ ಮುತ್ತಿನಕೊಪ್ಪಕ್ಕೆ ಹೋಗಿ ಅವರ ಎದುರು ಕೂರಬೇಕಾಗುತ್ತದೆ ಎಂದು ಕಟ್ಟು ಕಟ್ಟಿಬಿಟ್ಟೆನೋ ಏನೋ. ತೀರ್ಮಾನಿಸಲು ನನ್ನಲ್ಲಿ ಸಾಕ್ಷಿಯಿಲ್ಲ.

ನಿರ್ದೇಶಕರು ನೋಡಿದರು. ಮೂರು ವಾರದ ನಂತರ ಒಂದು ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ, ನರಸಿಂಹರಾಜಪುರದ ಹಾಲ್‌ಗೆ ಅವರೇ ಬಂದರು. ನನ್ನನ್ನೂ ಲೀಲಮ್ಮನನ್ನೂ ಕರೆಸಿದ್ದರು. ಕೆಟ್ಟ ಮನುಷ್ಯರಲ್ಲ. ತಾವು ತಂದಿದ್ದ ಫ್ಲಾಸ್ಕಿನಿಂದ ಮೊದಲು ಲೀಲಮ್ಮನಿಗೆ ಕಾಫಿ ಬಗ್ಗಿಸಿ ಕೊಟ್ಟರು. ಮಕ್ಕಳ ಬೆಂಚಿನಲ್ಲಿ ಅವರೂ ಮೊಣಕಾಲು ಮಡಿಸಿ ಕುಳಿತರು. ಹಾಳೆ ತೆಗೆದು ಕೊನೆಯ ವಾಕ್ಯಗಳನ್ನು ಗಟ್ಟಿಯಾಗಿ ಓದಿದರು.

“ಮಾಡಿಸುತ್ತೇನೆ, ಹೇಳುವುದಿಲ್ಲ. ಅಮ್ಮಾ, ಮುಂದಿನ ತಿಂಗಳು ಹದಿನೆಂಟು ಮಕ್ಕಳು ಪ್ರಸಾದಕ್ಕೆ ನಿಲ್ತಾರೆ. ಅವರ ತಂದೆತಾಯಿ ಬಂದು, ನಮ್ಮ ಮಕ್ಕಳಿಗೆ ಕಲಿಸೋರು ಹೀಗೆ ಬರೆದು ಸಹಿ ಹಾಕಿದ್ದಾರಂತಲ್ಲ ಅಂತ ಕೇಳಿದ್ರೆ ನಾನೇನು ಹೇಳ್ಲಿ? ಇದು ನಿಮ್ಮದೇ ಮಾತಾ? ಹೌದು ಅಂದ್ರೆ ನಿಮ್ಮನ್ನ ಆ ಕ್ಲಾಸಲ್ಲಿ ಮುಂದುವರಿಸೋದು ನನಗೆ ಕಷ್ಟ.”

ಲೀಲಮ್ಮ ಬಾಯಿ ತೆರೆದರು. ಇದು ನನಗೆ ಖಚಿತ. ತುಟಿ ಬೇರೆಯಾದದ್ದನ್ನು ಕಂಡೆ. ಅಷ್ಟರಲ್ಲಿ ನಾನು ಮಾತಾಡಿದೆ.

“ಫಾದರ್, ಅದು ಅಭ್ಯಾಸದ ಹಾಳೆ. ಹೊರಗಡೆ ಯಾರ ಹತ್ತಿರವೂ ಹೋಗಬೇಡಿ ಅಂತ ನಾನೇ ಹೇಳಿದ್ದೆ. ಸಹಿ ಹಾಕುವವರು ಸಿಗದೆ, ಜಾಗ ಖಾಲಿ ಬಿಡಬಾರದು ಅಂತ ಇವರು ತಮ್ಮ ಹೆಸರು ಬರೆದುಬಿಟ್ಟಿದ್ದಾರೆ. ಕೈತಪ್ಪು.”

“ಕೈತಪ್ಪಾ?” ನಿರ್ದೇಶಕರ ಹೆಗಲು ಇಳಿದದ್ದು ಕಾಣಿಸಿತು. ಅವರಿಗೂ ಅದೇ ಬೇಕಿತ್ತು. “ಹಾಗಂತ ಇದರ ಮೇಲೇ ಬರೆದುಕೊಡಿ.”

ಹಾಳೆಯ ಅಂಚಿನಲ್ಲಿ ‘ಸಹಿ ಕೈತಪ್ಪಿನಿಂದ ಬಿದ್ದಿದೆ’ ಎಂದು ಬರೆದು ನಾನು ಸಹಿ ಹಾಕಿದೆ. ಅಕ್ಷರ ದುಂಡಗಿದೆ, ಈಗಲೂ ನೋಡಬಹುದು. ನಿರ್ದೇಶಕರು ಲೀಲಮ್ಮನ ಕಡೆ ತಿರುಗಿ “ಹ್ಞಾಂ, ಅಮ್ಮಾ?” ಎಂದರು. ಲೀಲಮ್ಮ ಏನು ಮಾಡಿದರು? ಒಂದು ನೆನಪಿನಲ್ಲಿ ಅವರು ತಲೆಯಾಡಿಸುತ್ತಾರೆ. ಇನ್ನೊಂದರಲ್ಲಿ ಕಿಟಕಿಯಾಚೆ ಲಗೋರಿ ಆಡುತ್ತಿದ್ದ ಮಕ್ಕಳನ್ನು ನೋಡುತ್ತಿರುತ್ತಾರೆ. ಮತ್ತೊಂದರಲ್ಲಿ “ಸರ್ ಹೇಳಿದ್ರಲ್ಲ” ಎನ್ನುತ್ತಾರೆ. ಮೂರನ್ನೂ ನಾನೇ ಕಟ್ಟಿಕೊಂಡಿರಬಹುದು. ನಿರ್ದೇಶಕರು ಹಾಳೆಯನ್ನು ನಮ್ಮ ಕೇಂದ್ರದ ಕಡತಕ್ಕೆ ಸೇರಿಸಲು ನನಗೇ ಕೊಟ್ಟು ಹೊರಟರು.

ನಾನೂ ಲೀಲಮ್ಮನೂ ಬಸ್‌ಸ್ಟ್ಯಾಂಡಿಗೆ ನಡೆದೆವು. ಮುತ್ತಿನಕೊಪ್ಪದ ಬಸ್ಸು ಇನ್ನೂ ಬಂದಿರಲಿಲ್ಲ.

“ಹೆದರಿಕೆ ಆಯ್ತಾ ಸರ್?”

“ನಿಮಗೋಸ್ಕರ,” ಎಂದೆ.

“ನನಗೋಸ್ಕರ ಹೆದರೋಕೆ ನಾನೇ ಇದ್ನಲ್ಲ ಅಲ್ಲಿ.”

ನಾನು ಬಸ್ಸು ಬರುವ ದಾರಿ ನೋಡಿದೆ.

“ಹತ್ತಿರವಾದಷ್ಟೂ ಒಳ್ಳೇದು ಅಂದಿದ್ರಿ ನೀವು. ಹತ್ತಿರದವರನ್ನೆಲ್ಲ ಯೋಚಿಸ್ದೆ. ನಮ್ಮ ಯಜಮಾನ್ರು ಆ ಮಾತೇ ಎತ್ತೋದಿಲ್ಲ. ನಮ್ಮ ತಾಯಿ, ಅಮ್ಮಚ್ಚಿ, ಜಪಮಾಲೆ ಹಿಡಿದ್ರೆ ಕೆಳಗಿಡಲ್ಲ. ನನಗಿಂತ ಹತ್ತಿರದವರು ಯಾರೂ ಸಿಗ್ಲಿಲ್ಲ. ಎರಡು ವರ್ಷದಿಂದ ಒಳಗೇ ಇದ್ದಿದ್ದನ್ನ ಒಂದೇ ಒಂದು ಸಲ ಬರೆದು ಹೆಸರು ಹಾಕಿದೆ. ಅದನ್ನ ಕೈತಪ್ಪು ಮಾಡಿಬಿಟ್ರಿ.”

“ಇಲ್ಲದಿದ್ದರೆ ಮಕ್ಕಳ ಕ್ಲಾಸು ಹೋಗುತ್ತಿತ್ತು.”

“ಹೋಗ್ತಿತ್ತೇನೋ. ಉಳೀತಿತ್ತೋ ಏನೋ. ನಾನೆಂತ ಹೇಳೋಕೆ ಹೊರಟಿದ್ದೆ ಗೊತ್ತುಂಟಾ ನಿಮಗೆ? ಇದು ನನ್ನ ಮಾತೇ ಫಾದರ್, ಆದ್ರೂ ಭಾನುವಾರ ಬೆಳಿಗ್ಗೆ ಎದ್ದು ಬರ್ತೀನಿ, ಮಕ್ಕಳ ಕೈ ಹಿಡಿದು ಶಿಲುಬೆ ಗುರುತು ಹಾಕಿಸ್ತೀನಿ ಅಂತ. ಆ ‘ಆದ್ರೂ’ ಇತ್ತಲ್ಲ ಸರ್, ನನ್ನ ಸಿದ್ಧಾಂತ ಅಷ್ಟೇ ಇದ್ದದ್ದು. ಹಾಳೆ ಮೇಲೆ ಬರೆಯೋಕೆ ಬರ್ಲಿಲ್ಲ. ಬಾಯಲ್ಲಿ ಹೇಳ್ಬಹುದಿತ್ತು. ನೀವು ಬಿಡ್ಲಿಲ್ಲ.”

ಬಸ್ಸು ಬಂತು. ಅವರು ಹತ್ತಿದರು. ಕಿಟಕಿಯಿಂದ ಕೈ ಬೀಸಿದರು ಎಂದು ಎಂಟನೆಯ ದಿನ ಬರೆದಿದ್ದೆ. ಬೀಸಿರಲಾರರು.

ಮುಂದಿನ ತಿಂಗಳು ಮಕ್ಕಳು ಬಿಳಿ ಬಟ್ಟೆ ತೊಟ್ಟು ಪ್ರಸಾದಕ್ಕೆ ನಿಂತರು. ಲೀಲಮ್ಮ ಅವರ ಹಿಂದಿನ ಸಾಲಿನಲ್ಲಿದ್ದರು. ನಾನು ಸಹಿಯ ಪದ್ಧತಿಯನ್ನು ನಿಲ್ಲಿಸಿದೆ. ಮೇಲಿನಿಂದ ಆದೇಶ ಬಂದಿದೆ ಎಂದು ತರಗತಿಯಲ್ಲಿ ಹೇಳಿದೆ. ಬಂದಿರಲಿಲ್ಲ. ಆಮೇಲೆ ಪ್ರಶ್ನೆಗಳು ಸರಿ ಉತ್ತರಕ್ಕೆ ಗುರುತು ಹಾಕುವ ಮಾದರಿಗೆ ಬದಲಾದವು, ಇ-ಮೇಲ್ ಬಂತು, ಶೃಂಗೇರಿಯ ತರಗತಿ ಮುಚ್ಚಿತು, ನಾನು ನಿವೃತ್ತನಾದೆ. ನಿಜ ಸಂಗತಿಯನ್ನು ನಿರ್ದೇಶಕರಿಗೆ ಬರೆಯಬೇಕೆಂದು ಪ್ರತಿ ವರ್ಷ ಅಂದುಕೊಂಡೆ. ಬರೆದರೆ ಲೀಲಮ್ಮನ ಕೆಲಸಕ್ಕೆ ತೊಂದರೆ ಎಂದು ಪ್ರತಿ ವರ್ಷ ಬಿಟ್ಟೆ. ಅವರು ಇಂದಿಗೂ ಭಾನುವಾರ ಮಕ್ಕಳಿಗೆ ಕಲಿಸುತ್ತಿದ್ದಾರೆ. ನನ್ನ ಹೆದರಿಕೆಗೆ ಅವರ ಹೆಸರಿಟ್ಟುಕೊಂಡು ಇಷ್ಟು ಕಾಲ ಸಾಕಿದೆ ಎಂದು ಈಗ ಅನ್ನಿಸುತ್ತದೆ. ಈ ವಾಕ್ಯವೂ ಸಲೀಸಾಗಿಯೇ ಬಂತು. ಇದನ್ನೂ ಪೂರ್ತಿ ನಂಬಬೇಡಿ.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಮುತ್ತಿನಕೊಪ್ಪಕ್ಕೆ ತೆಗೆದುಕೊಂಡು ಹೋದೆ. ಹಳೆಯ ನಿಯಮ ಅದೇ ತಾನೆ? ಬೇರೆಯವರ ಮಾತನ್ನು ಬರೆದ ಮೇಲೆ ಅವರಿಗೇ ಓದಿ ಹೇಳಬೇಕು. ಲೀಲಮ್ಮ ಅಡುಗೆಮನೆಯ ಹಿಂದಿನ ಕಟ್ಟೆಯಲ್ಲಿ ಕುಳಿತು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಓದುವಾಗ ಕೆಲಸ ನಿಲ್ಲಿಸಲಿಲ್ಲ.

“ಹದಿನೆಂಟು ಅಲ್ಲ ಸರ್. ಕೊನೆಗೆ ನಿಂತಿದ್ದು ಹದಿನೇಳು. ಒಬ್ಬನಿಗೆ ಸೀತಾಳೆ ಸಿಡುಬು ಎದ್ದಿತ್ತು.”

“ತಿದ್ದುತ್ತೇನೆ.”

“ಮತ್ತೆ ನಾನು ತಲೆ ಆಡಿಸ್ಲಿಲ್ಲ. ಕಿಟಕಿ ಕಡೆನೂ ನೋಡ್ಲಿಲ್ಲ. ನಿಮ್ಮನ್ನೇ ನೋಡ್ತಾ ಇದ್ದೆ. ನೀವು ತಿರುಗ್ಲಿಲ್ಲ.”

ಇದನ್ನು ನಾನು ಯಾವ ಸಲವೂ ಬರೆದಿರಲಿಲ್ಲ. ಈಗ ಬರೆದಿದ್ದೇನೆ.

“ಇದು ಅಚ್ಚಾದರೆ,” ಎಂದೆ, “ಓದಿದವರು ಕೇಳಬಹುದು. ನಿಮ್ಮ ಕ್ಲಾಸು...”

“ಕೇಳ್ಲಿ. ಹೇಳೋಕೆ ನನಗೆ ಬಾಯಿ ಉಂಟು. ಈ ಸಲ ಮೊದಲು ನನ್ನ ಕೇಳಿದ್ರಲ್ಲ, ಅಷ್ಟು ಸಾಕು. ಕೊಡಿ ಪೆನ್ನು.”

ಕೈಯನ್ನು ಸೀರೆಗೆ ಒರೆಸಿಕೊಂಡು ಹಾಳೆಗಳನ್ನು ತಿರುವಿದರು. ಬಸ್‌ಸ್ಟ್ಯಾಂಡಿನಲ್ಲಿ ಅವರು ಆಡಿದ ಮಾತು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಗೆರೆ ಎಳೆದು, ‘ಇದು ನನ್ನ ಮಾತೇ’ ಎಂದು ಬರೆದು ಸಹಿ ಹಾಕಿದರು. “ಉಳಿದದ್ದು?” ಎಂದು ಕೇಳಿದೆ. “ಉಳಿದದ್ದು ನಿಮ್ಮದು. ಅದಕ್ಕೆ ನೀವೇ ಹಾಕ್ಬೇಕು,” ಎಂದರು.

ಚೀಲದಲ್ಲಿ ಆ ಹಳೆಯ ಹಾಳೆಯನ್ನೂ ಒಯ್ದಿದ್ದೆ. ಹೊರಗೆ ತೆಗೆದೆ. ಅಂಚಿನಲ್ಲಿ ನನ್ನ ದುಂಡಗಿನ ಅಕ್ಷರ: ‘ಸಹಿ ಕೈತಪ್ಪಿನಿಂದ ಬಿದ್ದಿದೆ.’ ಅವರೆದುರೇ ಅದನ್ನು ಹೊಡೆದುಹಾಕೋಣವೆಂದು ಪೆನ್ನನ್ನು ಊರಿದೆ.

ಲೀಲಮ್ಮ ಹಾಳೆಯ ಮೇಲೆ ಕೈಯಿಟ್ಟರು. ಬೆರಳಿಗೆ ಇನ್ನೂ ಮರಗೆಣಸಿನ ಮಣ್ಣು ಹತ್ತಿತ್ತು.

“ಬೇಡ ಸರ್, ಇರ್ಲಿ,” ಎಂದರು. “ಅದೂ ನಿಮ್ಮ ಮಾತೇ ಅಲ್ವಾ.”